ಬೇಲೀಫ್ ಮನೆಯ ತೊಲೆಗಳು ಕಪ್ಪಲ್ಲ

ಇಂಗ್ಲೆಂಡಿನ ಬೇಲೀಫ್ ಎಂಬ ಹಳೆಯ ಮರದ ಚೌಕಟ್ಟಿನ ಮನೆಯ ಬಗ್ಗೆ ನೀವು ಬರೆದದ್ದು ನೋಡಿ ತುಂಬಾ ಖುಷಿಯಾಯಿತು. ಆದರೆ ಅಂಥ ಮನೆಗಳೆಲ್ಲ ಕಪ್ಪು ತೊಲೆ, ಬಿಳಿ ಗೋಡೆ ಅಂತ ಹೇಳಿದ್ದೀರಿ, ಅದೊಂದು ಸರಿಯಿಲ್ಲ. ಇಂಗ್ಲೆಂಡಿನ ಆ ಆಗ್ನೇಯ ಭಾಗದಲ್ಲಿ ಓಕ್ ಮರಕ್ಕೆ ಬಣ್ಣ ಬಳಿಯದೆ ಹಾಗೇ ಬಿಡುವುದೇ ಜಾಸ್ತಿ. ಬಿಸಿಲು ಮಳೆಗೆ ಅದು ಬೂದಿ ಬಣ್ಣಕ್ಕೆ ತಿರುಗುತ್ತದೆ. ಎಷ್ಟೋ ಮನೆಗಳ ಕಪ್ಪು ಬಣ್ಣ ಆಮೇಲೆ ಬಂದ ರೂಢಿ.

ನಾನು ಸಸೆಕ್ಸ್‌ನ ಸಿಂಗಲ್‌ಟನ್ ಹಳ್ಳಿಯ ಬಯಲು ಮ್ಯೂಸಿಯಂನಲ್ಲಿ ಈ ಮನೆಯೊಳಗೆ ನಿಂತಿದ್ದೆ. ಇದು 15ನೇ ಶತಮಾನದ, ಇಂಗ್ಲೆಂಡಿನದೇ ಇನ್ನೊಂದು ಪ್ರಾಂತವಾದ ಕೆಂಟ್‌ನ ರೈತರ ಮನೆ. ಅಲ್ಲಿ ಬೌ ಬೀಚ್ ಜಲಾಶಯಕ್ಕೆ ಜಾಗ ಬಿಡಬೇಕಾಗಿ ಬಂದಾಗ, 1960ರ ದಶಕದ ಕೊನೆಯಲ್ಲಿ ಒಂದೊಂದೇ ಮರ ಬಿಚ್ಚಿ ತಂದು, ಆಮೇಲೆ ಇಲ್ಲಿ ಮತ್ತೆ ಕಟ್ಟಿದರು.

ನಡುವಿನ ಹಾಲ್‌ಗೆ ಅಟ್ಟವಿಲ್ಲ, ಚಿಮಣಿಯೂ ಇಲ್ಲ. ನೆಲದ ಮೇಲೆ ಒಲೆ. ಹೊಗೆ ನೇರ ಛಾವಣಿಗೆ ಏರುತ್ತದೆ. ಕಿಟಕಿಗೆ ಗಾಜಿಲ್ಲ, ನಿಲುವು ಕಂಬಿಗಳು ಮಾತ್ರ. ಎರಡೂ ತುದಿಗಳಲ್ಲಿ ಮಹಡಿ ಹೊರಕ್ಕೆ ಚಾಚಿದೆ, ಹಾಲ್ ಒಳಗೆ ಸರಿದಿದೆ. ಸೂರು ಮಾತ್ರ ಒಂದೇ ಗೆರೆ! ಅದನ್ನು ಹೊರಲು ಬಾಗಿದ ಆಸರೆ ಮರಗಳನ್ನು ಕೊಟ್ಟಿದ್ದಾರೆ.

ನನಗೆ ಅತಿ ಇಷ್ಟವಾದದ್ದು ಗೂಟ. ಇಂಥ ಚೌಕಟ್ಟುಗಳಲ್ಲಿ ಕೂಡುವ ಎರಡು ಮರಗಳ ತೂತುಗಳನ್ನು ಬೇಕಂತಲೇ ಸ್ವಲ್ಪ ಆಚೀಚೆ ಕೊರೆಯುತ್ತಿದ್ದರು. ಚೂಪಾದ ಗೂಟ ಬಡಿದಂತೆ ಜೋಡಣೆ ಬಿಗಿಯಾಗುತ್ತದೆ. ಹಸಿ ಓಕ್ ಒಣಗಿದಷ್ಟೂ ಇನ್ನೂ ಗಟ್ಟಿ ಹಿಡಿದುಕೊಳ್ಳುತ್ತದೆ. ಬೆರಳಿಟ್ಟು ನೋಡಿದೆ, ಗೂಟದ ತುದಿ ಹೊರಗೆ ಕೈಗೆ ತಗಲುತ್ತದೆ.

ದಯವಿಟ್ಟು ಮುಂದಿನ ಬರಹದಲ್ಲಿ ಮರಗಳ ಜೋಡಣೆಯನ್ನು ಹತ್ತಿರದಿಂದ ತೆಗೆದ ಫೋಟೋಗಳನ್ನೂ ಹಾಕಿ. ಹೊರಗಿನ ನೋಟ ಎಲ್ಲ ಕಡೆ ಸಿಗುತ್ತದೆ, ಅಲ್ವಾ?