ಕಾಪಿರೈಟ್ ವಿಷಯದಲ್ಲಿ ನಾನು ಮೆಕಾಲೆ ಕಡೆ

ಮೆಕಾಲೆ ಅಂದ ಕೂಡಲೇ ನಮ್ಮಲ್ಲಿ ಬೈಗುಳ ಶುರು. ಇಂಡಿಯಾಕ್ಕೆ ಇಂಗ್ಲಿಷ್ ಶಿಕ್ಷಣವೇ ಬೇಕೆಂದು ಆತ ಬರೆದ 1835ರ ಟಿಪ್ಪಣಿಗೆ ನಾನೂ ಬೈಯುವವನೇ. ಆದರೆ ಇಂಡಿಯಾದಿಂದ ವಾಪಸಾದ ಮೇಲೆ, 1841ರ ಫೆಬ್ರವರಿಯಲ್ಲಿ ಆತ ಬ್ರಿಟನ್ ಸಂಸತ್ತಿನ ಹೌಸ್ ಆಫ್ ಕಾಮನ್ಸ್‌ನಲ್ಲಿ ಕಾಪಿರೈಟ್ ಬಗ್ಗೆ ಮಾಡಿದ ಭಾಷಣಕ್ಕೆ ಮಾತ್ರ ನನ್ನ ಓಟು.

ಆಗ ಇಂಗ್ಲೆಂಡಿನಲ್ಲಿ ಪುಸ್ತಕದ ಹಕ್ಕು 28 ವರ್ಷ. ಲೇಖಕ ಅದಕ್ಕೂ ಜಾಸ್ತಿ ಬದುಕಿದರೆ ಬದುಕಿರುವ ತನಕ. ಟಾಲ್ಫರ್ಡ್ ಎಂಬ ವಕೀಲ ಸದಸ್ಯ, ಸತ್ತ ಮೇಲೂ 60 ವರ್ಷ ಇರಲಿ ಎಂದು ಮಸೂದೆ ತಂದಿದ್ದ. ಅದೇನೂ ಸುಮ್ನೆ ಹಟವಲ್ಲ. ಒಳ್ಳೆ ಪುಸ್ತಕ ನಿಧಾನಕ್ಕೆ ಖರ್ಚಾಗುತ್ತದೆ, ದುಡ್ಡು ಬರುವ ಹೊತ್ತಿಗೆ ಹಕ್ಕೇ ಮುಗಿದಿರುತ್ತದೆ ಅಂತ ವಾದ. ಕವಿ ವರ್ಡ್ಸ್‌ವರ್ತ್ ಕೂಡ ಬೆಂಬಲಕ್ಕಿದ್ದ.

ಮೆಕಾಲೆಯ ಉತ್ತರ: ಕಾಪಿರೈಟ್ ಅಂದರೆ ಓದುಗರ ಮೇಲಿನ ತೆರಿಗೆ. ಲೇಖಕನ ಹೊಟ್ಟೆಪಾಡಿಗೆ ಎಷ್ಟು ಬೇಕೋ ಅಷ್ಟಿರಲಿ, ಒಂದು ದಿನವೂ ಜಾಸ್ತಿ ಬೇಡ. ಮಿಲ್ಟನ್ ಕಾವ್ಯದಿಂದ ಪುಸ್ತಕ ವ್ಯಾಪಾರಿ ಕಾಸು ಮಾಡಿಕೊಂಡ, ಕವಿಯ ಮೊಮ್ಮಗಳು ಮಾತ್ರ ಬಡತನದಲ್ಲೇ ಇದ್ದಳು. 1750ರಲ್ಲಿ ಅವಳಿಗಾಗಿ ಸಹಾಯಾರ್ಥ ನಾಟಕ ಆಡಬೇಕಾಯಿತು.

ನನಗೆ ತುಂಬಾ ಹಿಡಿಸಿದ್ದು ಇನ್ನೊಂದು ಮಾತು. ಕಾದಂಬರಿಕಾರ ರಿಚರ್ಡ್‌ಸನ್ನನ ಮೊಮ್ಮಗ ಪಾದ್ರಿ. ಕಾದಂಬರಿ ಓದುವುದೇ ಪಾಪ ಅನ್ನುವವನು, ತಾತನ ಒಂದು ಪುಸ್ತಕವನ್ನೂ ಮುಟ್ಟಿದವನಲ್ಲ. ಬಾಸ್ವೆಲ್‌ನ ಹಿರಿಮಗನಿಗಂತೂ ಅಪ್ಪ ಬರೆದ, ಪಂಡಿತ ಜಾನ್ಸನ್ನನ ಜೀವನಚರಿತ್ರೆಯೇ ಮನೆತನಕ್ಕೆ ಅವಮಾನ! ಹಕ್ಕು ಇಂಥವರ ಕೈಗೆ ಸಿಕ್ಕಿದ್ದರೆ ಮರುಮುದ್ರಣ ಆಗುತ್ತಿತ್ತಾ? ಮಸೂದೆ 45-38ರಲ್ಲಿ ಬಿತ್ತು. ಮರುವರ್ಷ ರಾಜಿಯಾಗಿ, ಪ್ರಕಟವಾಗಿ 42 ವರ್ಷ ಅಥವಾ ಸತ್ತು 7 ವರ್ಷ, ಯಾವುದು ಜಾಸ್ತಿಯೋ ಅದು ಅಂತ ಕಾನೂನಾಯಿತು.

ನಮ್ಮ 1957ರ ಕಾಯ್ದೆಯಲ್ಲಿ ಇದ್ದದ್ದು ಸತ್ತ ಮೇಲೆ 50 ವರ್ಷ. ಟಾಗೋರ್ ತೀರಿಕೊಂಡದ್ದು 1941ರಲ್ಲಿ. ಅವರ ಪುಸ್ತಕಗಳ ಮೇಲೆ ಅವರೇ ಕಟ್ಟಿದ ವಿಶ್ವಭಾರತಿ ಸಂಸ್ಥೆಗಿದ್ದ ಹಕ್ಕು 1991ರ ಕೊನೆಗೆ ಮುಗಿಯಬೇಕಿತ್ತು. ಅದನ್ನು ಉಳಿಸಲು ಹೋಗಿ 1992ರಲ್ಲಿ ಎಲ್ಲರಿಗೂ 60 ಮಾಡಿದರು. ಟಾಲ್ಫರ್ಡ್ ಕೇಳಿದ್ದೂ ಅಷ್ಟನ್ನೇ ಅಲ್ವಾ! ಹಾಗಾಗಿ 1981ರಲ್ಲಿ ತೀರಿಹೋದ ಬೇಂದ್ರೆಯವರ ಹಕ್ಕು 2041ರ ಕೊನೆಯವರೆಗೂ ಇರುತ್ತದೆ.

ದೊಡ್ಡ ಹೆಸರುಗಳ ಚಿಂತೆ ನನಗಿಲ್ಲ, ಅವರ ಪುಸ್ತಕ ಹೇಗೋ ಅಚ್ಚಾಗುತ್ತವೆ. ನಾಲ್ಕೈದು ಪುಸ್ತಕ ಬರೆದು ಮರೆಯಾದವರ ಕಥೆ ಹೇಳಿ. ವಾರಸುದಾರರು ಯಾರು, ಎಲ್ಲಿದ್ದಾರೆ, ಗೊತ್ತಿಲ್ಲ. ಒಪ್ಪಿಗೆ ಇಲ್ಲದೆ ಅಚ್ಚು ಹಾಕುವಂತಿಲ್ಲ. ವಾರಸುದಾರರು ಸಿಗದಿದ್ದಾಗ ಕಾನೂನಿನ ಮೂಲಕ ಅನುಮತಿ, ಅಂದರೆ ಕಡ್ಡಾಯ ಲೈಸೆನ್ಸ್, ಕೇಳುವ ದಾರಿ ಕಾಯ್ದೆಯಲ್ಲೇನೋ ಇದೆ. ಆದರೆ 500 ಪ್ರತಿ ಹಾಕುವ ಕನ್ನಡ ಪ್ರಕಾಶಕ ಅದಕ್ಕೆಂದು ವಕೀಲರ ಫೀಸು ಕಟ್ಟುತ್ತಾನೆಯೇ? ಸತ್ತ ಮೇಲೆ 25 ವರ್ಷ ಧಾರಾಳ ಸಾಕು. ಆಮೇಲೂ ಬೇಕೆನ್ನುವ ಮನೆಯವರು ಅರ್ಜಿ ಹಾಕಲಿ, ಜೊತೆಗೆ ಪುಸ್ತಕ ಅಂಗಡಿಯಲ್ಲಿ ಸಿಗುತ್ತಿದೆ ಅಂತ ತೋರಿಸಲಿ.