ಆರು ತಿಂಗಳಿಗೊಮ್ಮೆ ಯಾಕೆ ಎಂದು ಕೇಳಿದ ಹಲ್ಲಿನ ಮೇಷ್ಟ್ರು

ಎಂಡಿಎಸ್, ಅಂದರೆ ಹಲ್ಲಿನ ವೈದ್ಯಕೀಯದ ಸ್ನಾತಕೋತ್ತರ ಪದವಿಯ ಕೌನ್ಸೆಲಿಂಗ್‌ನಲ್ಲಿ ಕೊನೆಗೆ ಉಳಿಯುವ ಸೀಟು ಯಾವುದು ಅಂತ ಯಾವ ಬಿಡಿಎಸ್ ವಿದ್ಯಾರ್ಥಿಯನ್ನು ಕೇಳಿದರೂ ಹೇಳುತ್ತಾರೆ. ಪಬ್ಲಿಕ್ ಹೆಲ್ತ್ ಡೆಂಟಿಸ್ಟ್ರಿ, ಅಂದರೆ ಒಬ್ಬೊಬ್ಬರದ್ದಲ್ಲ, ಇಡೀ ಸಮುದಾಯದ ಹಲ್ಲಿನ ಆರೋಗ್ಯ ನೋಡುವ ವಿಭಾಗ. "ಅಯ್ಯೋ, ಅದು ಕ್ಯಾಂಪ್ ಮಾಡೋ ಡಿಪಾರ್ಟ್‌ಮೆಂಟ್" ಅನ್ನುವುದು ಕಾಲೇಜಿನ ಕಾರಿಡಾರಿನಲ್ಲಿ ದಿನಾ ಕೇಳುವ ಮಾತು. ನಾನು ಅದೇ ವಿಭಾಗದಲ್ಲಿ ಓದಿದವಳು, ಅದನ್ನೇ ಪಾಠ ಮಾಡುತ್ತಿರುವವಳು. ಈ ಮಾತು ನನಗೆ ಬೇಸರ ತರಿಸುತ್ತದೆ. ಯಾಕೆಂದರೆ ಹಲ್ಲಿನ ವೈದ್ಯಕೀಯದಲ್ಲಿ ಕಳೆದ ಐವತ್ತು ವರ್ಷಗಳಲ್ಲಿ ಕೇಳಿದ ದೊಡ್ಡ ಪ್ರಶ್ನೆಗಳಲ್ಲಿ ಹಲವು ಈ ವಿಭಾಗದವರೇ ಕೇಳಿದ್ದು. ಅವರಲ್ಲಿ ಒಬ್ಬರ ಬಗ್ಗೆ ಇವತ್ತು ಬರೆಯಬೇಕು ಅನ್ನಿಸಿತು. ನನ್ನ ಪ್ರಕಾರ ಅವರು ಎಲ್ಲರಿಗಿಂತ ದೊಡ್ಡವರು.

ಆಬ್ರಿ ಶೈಹಮ್. ಹುಟ್ಟಿದ್ದು 1936ರಲ್ಲಿ, ದಕ್ಷಿಣ ಆಫ್ರಿಕಾದಲ್ಲಿ. ದಂತವೈದ್ಯಕೀಯ ಓದಿದ್ದು ಜೋಹಾನ್ಸ್‌ಬರ್ಗ್‌ನ ವಿಟ್‌ವಾಟರ್ಸ್‌ರಾಂಡ್ ವಿಶ್ವವಿದ್ಯಾಲಯದಲ್ಲಿ. ಚರ್ಮದ ಬಣ್ಣ ನೋಡಿ ಶಾಲೆ, ಆಸ್ಪತ್ರೆ, ಬಸ್ಸು ಎಲ್ಲವನ್ನೂ ಬೇರೆ ಮಾಡಿದ್ದ ದೇಶ ಅದು. ಅಲ್ಲಿಂದ ಲಂಡನ್ನಿಗೆ ಹೋದರು. ಮುಂದೆ ಯೂನಿವರ್ಸಿಟಿ ಕಾಲೇಜ್ ಲಂಡನ್‌ನಲ್ಲಿ ಪ್ರೊಫೆಸರ್ ಆದರು. ಅವರು ಕೆಲಸ ಮಾಡಿದ ವಿಭಾಗ ದಂತ ಕಾಲೇಜಿನದ್ದಲ್ಲ, ಎಪಿಡೆಮಿಯಾಲಜಿ (ಯಾವ ಕಾಯಿಲೆ ಯಾರಿಗೆ, ಎಲ್ಲಿ, ಯಾಕೆ ಬರುತ್ತದೆ ಎಂದು ಜನಸಮುದಾಯದಲ್ಲಿ ಹುಡುಕುವ ಶಾಸ್ತ್ರ) ಮತ್ತು ಸಾರ್ವಜನಿಕ ಆರೋಗ್ಯದ್ದು. ಬಡತನಕ್ಕೂ ಆಯಸ್ಸಿಗೂ ಇರುವ ನಂಟನ್ನು ತೋರಿಸಿಕೊಟ್ಟ ಮೈಕೆಲ್ ಮಾರ್ಮೊಟ್ ಅವರೂ ಅದೇ ವಿಭಾಗದವರು. ಹೃದಯ, ಸಕ್ಕರೆ ಕಾಯಿಲೆ, ಬಡತನದ ಮಾತು ನಡೆಯುವ ಕಡೆ ಹಲ್ಲಿನ ಮಾತೂ ನಡೆಯಬೇಕು ಅನ್ನುವುದನ್ನು ಶೈಹಮ್ ಬದುಕಿಯೇ ತೋರಿಸಿದರು.

1977ರಲ್ಲಿ 'ಲ್ಯಾನ್ಸೆಟ್' ವೈದ್ಯಕೀಯ ಪತ್ರಿಕೆಯಲ್ಲಿ ಅವರದೊಂದು ಲೇಖನ ಬಂತು. ಆರು ತಿಂಗಳಿಗೊಮ್ಮೆ ಹಲ್ಲು ತೋರಿಸಬೇಕು ಅನ್ನುವುದಕ್ಕೆ ವೈಜ್ಞಾನಿಕ ಆಧಾರ ಇದೆಯಾ? ಇಷ್ಟೇ ಪ್ರಶ್ನೆ. ಎಲ್ಲ ದಂತವೈದ್ಯರೂ ಹೇಳುವ ಮಾತು, ಎಲ್ಲ ಪೇಸ್ಟ್ ಜಾಹೀರಾತುಗಳಲ್ಲೂ ಬರುವ ಮಾತು. ಶೈಹಮ್ ಇದ್ದ ಪುರಾವೆಗಳನ್ನೆಲ್ಲ ಹುಡುಕಿ ನೋಡಿದರು. ಎಲ್ಲರಿಗೂ ಒಂದೇ ಅಂತರ ಅನ್ನುವುದಕ್ಕೆ ಗಟ್ಟಿ ಆಧಾರ ಸಿಗಲಿಲ್ಲ. ಹುಳುಕು ನಿಧಾನವಾಗಿ ಬೆಳೆಯುತ್ತದೆ, ಶುರುವಿನಲ್ಲಿದ್ದರೆ ತಾನಾಗಿಯೇ ನಿಲ್ಲಲೂಬಹುದು. ಪದೇ ಪದೇ ನೋಡಿದರೆ ತುಂಬಿಸಬೇಕಿಲ್ಲದ ಹಲ್ಲನ್ನೂ ಕೊರೆದು ತುಂಬಿಸುವ ಅಪಾಯ ಇದೆ. ಒಮ್ಮೆ ಕೊರೆದ ಹಲ್ಲು ಮತ್ತೆ ಮೊದಲಿನಂತೆ ಆಗುವುದಿಲ್ಲ. ತುಂಬಿಸಿದ ಸಿಮೆಂಟ್ ಕೆಲವು ವರ್ಷಕ್ಕೆ ಬೀಳುತ್ತದೆ, ಇನ್ನೂ ದೊಡ್ಡದಾಗಿ ತುಂಬಿಸಬೇಕು, ಆಮೇಲೆ ರೂಟ್ ಕೆನಾಲ್, ಆಮೇಲೆ ಕ್ಯಾಪ್.

ತನ್ನದೇ ವೃತ್ತಿಯ ಅನ್ನದ ಮೇಲೆ ಕೈಯಿಟ್ಟ ಪ್ರಶ್ನೆ ಇದು. ಎಷ್ಟು ಜನಕ್ಕೆ ಸಿಟ್ಟು ಬಂದಿರಬಹುದು ಅಂತ ಊಹಿಸಬಹುದು, ಅಲ್ವಾ? ಅವರು ಹಿಂದೆ ಸರಿಯಲಿಲ್ಲ. 2004ರಲ್ಲಿ ಬ್ರಿಟನ್ನಿನಲ್ಲಿ ಚಿಕಿತ್ಸೆಗಳ ಬಗ್ಗೆ ಸಲಹೆ ಕೊಡುವ ನೈಸ್ (NICE) ಸಂಸ್ಥೆ ಹೊಸ ಮಾರ್ಗಸೂಚಿ ಕೊಟ್ಟಿತು. ದೊಡ್ಡವರು ಅವರವರ ಅಪಾಯ ನೋಡಿಕೊಂಡು 3 ತಿಂಗಳಿಂದ 24 ತಿಂಗಳವರೆಗಿನ ಅಂತರದಲ್ಲಿ ಬಂದರೆ ಸಾಕು ಎಂದಿತು. 2020ರಲ್ಲಿ ಬ್ರಿಟನ್ನಿನ ದೊಡ್ಡ ಅಧ್ಯಯನವೊಂದರ ಫಲಿತಾಂಶ ಬಂತು. ಎರಡು ಸಾವಿರಕ್ಕೂ ಹೆಚ್ಚು ಜನರನ್ನು ನಾಲ್ಕು ವರ್ಷ ನೋಡಿದ್ದರು. ಆರು ತಿಂಗಳಿಗೊಮ್ಮೆ ಬಂದವರಿಗೂ ಅಪಾಯ ನೋಡಿ ಅಂತರ ಇಟ್ಟುಕೊಂಡವರಿಗೂ ಒಸಡಿನ ಆರೋಗ್ಯದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಪ್ರಶ್ನೆ ಕೇಳಿ ಆಗ 43 ವರ್ಷ ಕಳೆದಿತ್ತು. ಶೈಹಮ್ 2015ರಲ್ಲೇ ತೀರಿಕೊಂಡಿದ್ದರು.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. "ಹಾಗಾದರೆ ಡಾಕ್ಟರ ಹತ್ತಿರ ಹೋಗುವುದೇ ಬೇಡ" ಅಂತ ದಯವಿಟ್ಟು ಅಂದುಕೊಳ್ಳಬೇಡಿ. ಸಕ್ಕರೆ ಕಾಯಿಲೆ ಇರುವವರು, ಹೊಗೆಸೊಪ್ಪು ಹಾಕುವವರು, ಬಾಯಲ್ಲಿ ಬಿಳಿ ಕಲೆ ಅಥವಾ ಎರಡು ವಾರಕ್ಕೂ ವಾಸಿಯಾಗದ ಹುಣ್ಣು ಇರುವವರು ಕಾಯಬಾರದು. ನಮ್ಮಲ್ಲಿ ಕಷ್ಟ ಎರಡು ಕಡೆಯಿಂದಲೂ ಇದೆ. ಬೆಂಗಳೂರಿನಲ್ಲಿ ಏನೂ ತೊಂದರೆ ಇಲ್ಲದವರು ಸುಮ್ನೆ ವರ್ಷಕ್ಕೆರಡು ಸಲ ಕ್ಲೀನಿಂಗ್ ಮಾಡಿಸುತ್ತಾರೆ. ಹಳ್ಳಿಯಲ್ಲಿ ಎಷ್ಟೋ ಜನ ಮೊದಲ ಸಲ ಹಲ್ಲಿನ ಡಾಕ್ಟರನ್ನು ನೋಡುವುದೇ ರಾತ್ರಿಯೆಲ್ಲ ನೋವು ತಿಂದು, ಕೆನ್ನೆ ಊದಿಸಿಕೊಂಡು, ಕೀಳಿಸಿಕೊಳ್ಳಲು ಬಂದಾಗ. ಯಾರಿಗೆ ಬೇಕೋ ಅವರಿಗೆ ಸಿಗುತ್ತಿಲ್ಲ. ಶೈಹಮ್ ಮಾತಿನ ತಿರುಳು ನನಗೆ ಅರ್ಥವಾಗಿರುವುದು ಹೀಗೆ: ಬೇಡದವರ ಮೇಲೆ ಖರ್ಚಾಗುವ ಸಮಯವನ್ನು ಬೇಕಾದವರಿಗೆ ಕೊಡಿ.

ಅವರ ಇನ್ನೊಂದು ಅಧ್ಯಯನವನ್ನು ನಾನು ಪ್ರತಿ ವರ್ಷ ಮೂರನೇ ವರ್ಷದ ಮಕ್ಕಳಿಗೆ ಪಾಠ ಮಾಡುತ್ತೇನೆ. ಬ್ರೆಜಿಲ್‌ನ ಪೌಲೊ ನಡನೋವ್‌ಸ್ಕಿ ಜೊತೆ 1995ರಲ್ಲಿ ಪ್ರಕಟಿಸಿದ್ದು. 1970ರ ದಶಕದಲ್ಲಿ ಮತ್ತು 80ರ ದಶಕದ ಶುರುವಿನಲ್ಲಿ ಶ್ರೀಮಂತ ದೇಶಗಳ 12 ವರ್ಷದ ಮಕ್ಕಳಲ್ಲಿ ಹುಳುಕು ಹಲ್ಲು ತುಂಬಾ ಕಡಿಮೆಯಾಯಿತು. ಅದು ಯಾರಿಂದ ಆಯಿತು? ಹಲ್ಲಿನ ಡಾಕ್ಟರುಗಳಿಂದಲಾ? 18 ದೇಶಗಳ ಲೆಕ್ಕ ತೆಗೆದರು. ದೇಶದಿಂದ ದೇಶಕ್ಕೆ ಕಂಡ ವ್ಯತ್ಯಾಸದಲ್ಲಿ ದಂತ ಚಿಕಿತ್ಸೆಯ ಪಾಲು ಶೇ 3. ಜನರ ಬದುಕಿನ ಮಟ್ಟ, ಫ್ಲೋರೈಡ್ ಪೇಸ್ಟ್ ಇಂಥವೆಲ್ಲ ಸೇರಿ ಶೇ 65. ಈ ಅಂಕಿಗಳನ್ನು ಬೋರ್ಡಿನ ಮೇಲೆ ಬರೆದಾಗ ತರಗತಿ ಪೂರ್ತಿ ಸುಮ್ಮನಾಗುತ್ತದೆ. ಐದು ವರ್ಷ ಕೊರೆಯುವುದು, ತುಂಬಿಸುವುದು ಕಲಿಯಲು ಬಂದ ಮಕ್ಕಳು ಅವರು. ಅವರ ಕೈಕೆಲಸದ ಬೆಲೆ ಇದರಿಂದ ಕಡಿಮೆಯಾಗುವುದಿಲ್ಲ. ನೋವಿನಲ್ಲಿ ಒದ್ದಾಡುವವರಿಗೆ ಆ ಕೈಯೇ ದೇವರು. ಆದರೆ ಒಂದು ಇಡೀ ಊರಿನ ಹಲ್ಲು ಉಳಿಯುವುದು ಕ್ಲಿನಿಕ್ಕಿನ ಕುರ್ಚಿಯಲ್ಲಲ್ಲ ಅನ್ನುವುದು ಅವರಿಗೆ ಗೊತ್ತಿರಬೇಕು.

ಹಾಗಾದರೆ ಎಲ್ಲಿ? ಶೈಹಮ್ ಉತ್ತರ ಯಾವಾಗಲೂ ಸಕ್ಕರೆ ಡಬ್ಬಿಯ ಹತ್ತಿರವೇ ಬಂದು ನಿಲ್ಲುತ್ತಿತ್ತು. ಬಾಯಿಯಲ್ಲಿರುವ ಬ್ಯಾಕ್ಟೀರಿಯಾ ಸಕ್ಕರೆ ತಿಂದು ಆಮ್ಲ ಬಿಡುತ್ತವೆ, ಆಮ್ಲ ಹಲ್ಲಿನ ಹೊರಪದರವನ್ನು ಕರಗಿಸುತ್ತದೆ. ಜೊಲ್ಲು ಅದನ್ನು ಸರಿಮಾಡಲು ನೋಡುತ್ತದೆ. ಅದಕ್ಕೆ ಬಿಡುವು ಕೊಡದೆ ಬಿಸ್ಕತ್ತು, ಚಾಕೊಲೇಟು, ಜ್ಯೂಸು ಬಾಯಿಗೆ ಹಾಕುತ್ತಲೇ ಇದ್ದರೆ ಜೊಲ್ಲು ಸೋಲುತ್ತದೆ. ಎರಡನೇ ಮಹಾಯುದ್ಧದಲ್ಲಿ ಜಪಾನಿನಲ್ಲಿ ಸಕ್ಕರೆ ಸಿಗುವುದೇ ಕಷ್ಟವಾಯಿತು, ಮಕ್ಕಳ ಹುಳುಕು ಇಳಿಯಿತು. ಯುದ್ಧ ಮುಗಿದು ಸಕ್ಕರೆ ಮತ್ತೆ ಬಂತು, ಹುಳುಕೂ ಮತ್ತೆ ಏರಿತು. 2014ರಲ್ಲಿ, ತೀರಿಕೊಳ್ಳುವ ಹಿಂದಿನ ವರ್ಷ, ಪೋಷಣಾ ತಜ್ಞ ಫಿಲಿಪ್ ಜೇಮ್ಸ್ ಜೊತೆ ಬರೆದ ಲೇಖನದಲ್ಲಿ ಶೈಹಮ್ ಇಂಥ ಅಂಕಿಗಳನ್ನೆಲ್ಲ ಮತ್ತೆ ತೂಗಿ ನೋಡಿದರು. ದಿನದ ಶಕ್ತಿಯಲ್ಲಿ ಸಕ್ಕರೆಯ ಪಾಲು ಶೇ 3ಕ್ಕಿಂತ ಕಡಿಮೆ ಇರಬೇಕು ಎಂದರು. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದ್ದು ಶೇ 10ಕ್ಕಿಂತ ಕಡಿಮೆ, ಆದರೆ ಶೇ 5ಕ್ಕಿಂತ ಕಡಿಮೆಯಾದರೆ ಇನ್ನೂ ಒಳ್ಳೆಯದು ಅಂತ. ಶೇ 5 ಅಂದರೆ ದೊಡ್ಡವರಿಗೆ ಸುಮಾರು 25 ಗ್ರಾಂ, ಆರು ಟೀ ಚಮಚ. ಒಂದು ಸಣ್ಣ ಕೋಲಾ ಬಾಟಲಿಯಲ್ಲೇ ಅದು ಮುಗಿದುಹೋಗುತ್ತದೆ. ನಮ್ಮ ಮನೆಗಳಲ್ಲಿ ಬೆಳಗಿನ ಕಾಫಿ, ಹತ್ತು ಗಂಟೆಯ ಟೀ, ಮಧ್ಯಾಹ್ನದ ಟೀ, ಮಗುವಿನ ಹಾಲಿಗೆ ಎರಡು ಚಮಚ ಪೌಡರು, ಎಲ್ಲ ಸೇರಿಸಿ ನೋಡಿ.

2000ರಲ್ಲಿ ಶೈಹಮ್ ತಮ್ಮ ಸಹೋದ್ಯೋಗಿ ರಿಚರ್ಡ್ ವಾಟ್ ಜೊತೆ ಬರೆದ ಲೇಖನ ನಮ್ಮ ಕ್ಷೇತ್ರದ ದಿಕ್ಕನ್ನೇ ಬದಲಿಸಿತು. ಹಲ್ಲು ಹುಳುಕು ಮಾಡುವ ಸಕ್ಕರೆಯೇ ಬೊಜ್ಜು ತರುತ್ತದೆ. ಒಸಡು ಹಾಳುಮಾಡುವ ತಂಬಾಕೇ ಹೃದಯ ಕೆಡಿಸುತ್ತದೆ, ಬಾಯಿ ಕ್ಯಾನ್ಸರ್ ತರುತ್ತದೆ. ಕಾರಣ ಒಂದೇ ಆದರೆ ಹಲ್ಲಿಗೊಂದು ಅಭಿಯಾನ, ಹೃದಯಕ್ಕೊಂದು, ಕ್ಯಾನ್ಸರ್‌ಗೆ ಇನ್ನೊಂದು ಯಾಕೆ? ಒಟ್ಟಿಗೆ ಮಾಡಿ ಎಂದರು. ಕರ್ನಾಟಕದಲ್ಲಿ 2013ರಲ್ಲಿ ಗುಟ್ಕಾ ನಿಷೇಧ ಆಯಿತು. ಆ ಒಂದು ಆದೇಶ ಸರಿಯಾಗಿ ಜಾರಿಯಾದರೆ ಎಷ್ಟೋ ಕ್ಲಿನಿಕ್ಕುಗಳು ಸೇರಿ ಮಾಡಲಾಗದ ಕೆಲಸ ಆಗುತ್ತದೆ. ಈಗ ಅಂಗಡಿಗಳಲ್ಲಿ ಪಾನ್ ಮಸಾಲ ಒಂದು ಚೀಟಿ, ತಂಬಾಕು ಇನ್ನೊಂದು ಚೀಟಿ. ಎರಡನ್ನೂ ಕೊಂಡು ಕೈಯಲ್ಲೇ ಬೆರೆಸುತ್ತಾರೆ. ಇದನ್ನು ನಿಲ್ಲಿಸುವುದು ಹಲ್ಲಿನ ಡಾಕ್ಟರ ಕೆಲಸವೂ ಹೌದು.

ಇಷ್ಟು ಹೇಳಿದ ಮೇಲೆ ನಮ್ಮ ಸಂಗತಿಗೆ ಬರುತ್ತೇನೆ. ದೇಶದಲ್ಲಿ 300ಕ್ಕೂ ಹೆಚ್ಚು ದಂತ ಕಾಲೇಜುಗಳಿವೆ. ಕರ್ನಾಟಕ ಅದರಲ್ಲಿ ಮುಂಚೂಣಿಯಲ್ಲಿದೆ. ರಾಷ್ಟ್ರೀಯ ಬಾಯಿ ಆರೋಗ್ಯ ಕಾರ್ಯಕ್ರಮ 2014ರಲ್ಲೇ ಶುರುವಾಗಿದೆ. ಆದರೆ ಈ ವಿಷಯವನ್ನೇ ಓದಿದ ಎಂಡಿಎಸ್ ಹುಡುಗ ಮುಗಿಸಿ ಹೊರಗೆ ಬಂದಾಗ ಜಾಸ್ತಿ ದಾರಿಗಳಿಲ್ಲ. ಇನ್ನೊಂದು ಕಾಲೇಜಿನಲ್ಲಿ ಪಾಠ, ಇಲ್ಲದಿದ್ದರೆ ಕ್ಲಿನಿಕ್ಕು ಹಾಕಿ ಎಲ್ಲರಂತೆ ರೂಟ್ ಕೆನಾಲ್. ಮೂರು ವರ್ಷ ಸಮೀಕ್ಷೆ, ಅಂಕಿಅಂಶ, ಯೋಜನೆ ಕಲಿತವನನ್ನು ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಯಲ್ಲಿ ಕೂರಿಸಿ. ಶಾಲೆಗಳ ಪಕ್ಕದ ಅಂಗಡಿಯಲ್ಲಿ ಏನು ಮಾರುತ್ತಾರೆ, ಯಾವ ತಾಲೂಕಿನ ನೀರಿನಲ್ಲಿ ಫ್ಲೋರೈಡ್ ಎಷ್ಟಿದೆ, ಅಂಗನವಾಡಿಯಲ್ಲಿ ಮಕ್ಕಳಿಗೆ ಹಲ್ಲುಜ್ಜಿಸುವುದು ಹೇಗೆ ಎಂದು ನೋಡುವ ಕೆಲಸ ಕೊಡಿ. ಆಗ ನೋಡಿ, ಕೌನ್ಸೆಲಿಂಗ್‌ನಲ್ಲಿ ಈ ಸೀಟು ಉಳಿಯುತ್ತದಾ ಅಂತ.

ಒಂದು ಕೆಲಸವನ್ನಂತೂ ನಾಳೆಯೇ ಶುರುಮಾಡಬಹುದು. ಬಡ ಹಿರಿಯರಿಗೆ ಉಚಿತವಾಗಿ ಹಲ್ಲುಸೆಟ್ಟು ಕೊಡುವ ದಂತಭಾಗ್ಯ ಯೋಜನೆ ನಮ್ಮ ರಾಜ್ಯದ್ದು. ಒಳ್ಳೆಯ ಯೋಜನೆ, ನನಗೆ ಅದರ ಬಗ್ಗೆ ಅಭಿಮಾನ ಇದೆ. ಶೈಹಮ್ ಮತ್ತು ಥಾಯ್ಲೆಂಡಿನ ಸುಪ್ರೀದಾ ಅದುಲ್ಯಾನನ್ 1990ರ ದಶಕದಲ್ಲಿ ಒಂದು ಅಳತೆ ಮಾಡಿಕೊಟ್ಟರು. ಬಾಯಿಯಲ್ಲಿ ಎಷ್ಟು ಹಲ್ಲಿದೆ ಎಂದು ಎಣಿಸುವುದರ ಜೊತೆಗೆ ಆ ಮನುಷ್ಯನನ್ನೇ ಕೇಳುವುದು: ಊಟ ಮಾಡಲು ಕಷ್ಟವಾಗುತ್ತದಾ, ಮಾತಾಡಲು, ಬಾಯಿ ಸ್ವಚ್ಛ ಮಾಡಿಕೊಳ್ಳಲು, ನಿದ್ದೆ ಮಾಡಲು, ನಗಲು, ಮನಸ್ಸಿಗೆ ಕಿರಿಕಿರಿ ಇದೆಯಾ, ಕೆಲಸಕ್ಕೆ ತೊಂದರೆ ಇದೆಯಾ, ನಾಲ್ಕು ಜನರ ಜೊತೆ ಬೆರೆಯಲು ಹಿಂಜರಿಕೆ ಇದೆಯಾ. ದಂತಭಾಗ್ಯದ ಸೆಟ್ಟು ಹಾಕಿಸಿಕೊಂಡ ಅಜ್ಜ ಅಜ್ಜಿಯರ ಮನೆಗೆ ಆರು ತಿಂಗಳಾದ ಮೇಲೆ ಹೋಗಿ ಇವೇ ಪ್ರಶ್ನೆ ಕೇಳೋಣ. ಜೋಳದ ರೊಟ್ಟಿ ತಿನ್ನಲಾಗುತ್ತಿದೆಯಾ, ಸೆಟ್ಟು ಬಾಯಲ್ಲಿದೆಯಾ ಅಥವಾ ಡಬ್ಬಿಯಲ್ಲಿದೆಯಾ, ಒತ್ತುತ್ತಿದ್ದರೆ ಸರಿಮಾಡಿಸಿಕೊಳ್ಳಲು ಎಷ್ಟು ದೂರ ಹೋಗಬೇಕು. ಕಾಲೇಜುಗಳ ಪಿಜಿ ವಿದ್ಯಾರ್ಥಿಗಳು ಜಿಲ್ಲೆಗಳನ್ನು ಹಂಚಿಕೊಂಡರೆ ಇದಕ್ಕೆ ದೊಡ್ಡ ಹಣ ಬೇಕಿಲ್ಲ. ಈ ವರ್ಷ ಪ್ರಬಂಧಕ್ಕೆ ವಿಷಯ ಹುಡುಕುತ್ತಿರುವವರು ಯಾರಾದರೂ ಇದನ್ನು ಓದುತ್ತಿದ್ದರೆ ನನಗೆ ಮೆಸೇಜ್ ಮಾಡಿ. ಪ್ರಶ್ನಾವಳಿಯನ್ನು ಕನ್ನಡದಲ್ಲಿ ಸಿದ್ಧ ಮಾಡಲು ನಾನು ನಿಮ್ಮ ಜೊತೆ ಕೂರುತ್ತೇನೆ.