ಗಾಳಿಯಲ್ಲಿ ಲಂಗರು ಎಲ್ಲಿ ಹಾಕುತ್ತೀಯ?

ಮಲ್ಪೆಯಲ್ಲಿ ದೋಣಿಗಳ ಔಟ್‌ಬೋರ್ಡ್ ಎಂಜಿನ್ ರಿಪೇರಿ ಮಾಡುವ ನನ್ನ ಭಾವನಿಗೆ ವಿಮಾನವೆಂದರೆ ಅಂಥ ಕುತೂಹಲವೇನೂ ಇಲ್ಲ. ಕಳೆದ ಡಿಸೆಂಬರಿನಲ್ಲಿ ಅಮೆರಿಕದ ಓಹಾಯೊದಿಂದ ರಜೆಗೆ ಊರಿಗೆ ಬಂದಾಗ, ಅಲ್ಲಿ ನಾನು ಹವ್ಯಾಸಕ್ಕೆ ಹಾರಿಸುವ ಅಲ್ಟ್ರಾಲೈಟ್ ಎಂಬ ತೀರಾ ಹಗುರ ವಿಮಾನದ ಚಿತ್ರವನ್ನು ಮೊಬೈಲಿನಲ್ಲಿ ತೋರಿಸಿದೆ. ಅಲ್ಯೂಮಿನಿಯಂ ಕೊಳವೆಗಳು, ಉಕ್ಕಿನ ತಂತಿಗಳು, ಬಟ್ಟೆ ಹೊದಿಸಿದ ರೆಕ್ಕೆ, ನಡುವೆ ಒಂದೇ ಆಸನ. "ಇದಕ್ಕಿಂತ ನಮ್ಮ ನಾಡದೋಣಿ ಗಟ್ಟಿ" ಎಂದು ಮೊಬೈಲನ್ನು ಮರಳಿಸಿದರು.

ಮುಂದಿನ ಚಿತ್ರ ಬಿಚ್ಚಿಟ್ಟ ಪಿಸ್ಟನ್‌ನದು. ಅದನ್ನು ನೋಡಲು ಮಾತ್ರ ಕನ್ನಡಕ ಹುಡುಕಿದರು.

ನನ್ನ ವಿಮಾನದ್ದು ಎರಡು ಸಿಲಿಂಡರಿನ ಟೂ ಸ್ಟ್ರೋಕ್ ರೋಟ್ಯಾಕ್ಸ್ ಎಂಜಿನ್. ಸುಮಾರು 40 ಅಶ್ವಶಕ್ತಿ, 50 ಪಾಲು ಪೆಟ್ರೋಲಿಗೆ ಒಂದು ಪಾಲು ಎಣ್ಣೆ. ಶರತ್ಕಾಲದ ಕೊನೆಯಲ್ಲಿ ಅದು ಸೀಜ್ ಆಗಿತ್ತು, ಎಂದರೆ ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಂಡು ನಿಂತಿತ್ತು. ಎಣ್ಣೆಯ ಅಳತೆಯಲ್ಲಿ ನಾನೇ ತಪ್ಪಿದೆನೆಂದು ಒಂದು ತಿಂಗಳು ನನ್ನನ್ನೇ ಬೈದುಕೊಂಡಿದ್ದೆ. ಭಾವ ಚಿತ್ರವನ್ನು ಹಿಗ್ಗಿಸಿ, ಪಿಸ್ಟನ್ನಿನ ತಲೆಯ ಬಣ್ಣ ನೋಡಿ, "ಎಣ್ಣೆ ಸರಿಯಾಗಿಯೇ ಇದೆ. ಎಲ್ಲಿಂದಲೋ ಕಳ್ಳಗಾಳಿ ನುಗ್ಗಿದೆ. ಕಾರ್ಬ್ಯುರೇಟರ್ ಕೂರುವ ರಬ್ಬರ್ ನೋಡಿಸು" ಎಂದರು. ಓಹಾಯೊದ ಗೆಳೆಯನಿಗೆ ಫೋನ್ ಮಾಡಿ ನೋಡಿಸಿದೆ. ರಬ್ಬರಿನ ಅಡಿಯಲ್ಲಿ ಕೂದಲೆಳೆಯಷ್ಟು ಸೀಳು! ಅದರ ಮೂಲಕ ಹೆಚ್ಚುವರಿ ಗಾಳಿ ಒಳಹೊಕ್ಕು, ಪೆಟ್ರೋಲಿನ ಪಾಲು ಕಡಿಮೆಯಾಗಿ, ಪಿಸ್ಟನ್ ಕಾದು ಹಿಡಿದುಕೊಂಡಿತ್ತು. ಹದಿಮೂರು ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ದೂರದಿಂದ, ಮೀನಿನ ವಾಸನೆಯ ಅಂಗಡಿಯಲ್ಲಿ ಕುಳಿತು ಹೇಳಿದ ಮಾತು.

ಹಾಗಾಗಿ "ನಮ್ಮವರಿಗೆ ಇದೆಲ್ಲ ಎಲ್ಲಿ ಬರುತ್ತದೆ" ಎಂದು ಯಾರಾದರೂ ಹೇಳಿದರೆ ನನಗೆ ಸಿಟ್ಟು ಬರುತ್ತದೆ. ಓಹಾಯೊದ ಡೇಟನ್ ಎಂಬುದು ರೈಟ್ ಸಹೋದರರ ಊರು. 1903ರ ಅವರ ವಿಮಾನಕ್ಕೆ 12 ಅಶ್ವಶಕ್ತಿಯ ಎಂಜಿನ್ ಕಟ್ಟಿಕೊಟ್ಟ ಚಾರ್ಲಿ ಟೇಲರ್ ಅವರ ಸೈಕಲ್ ಅಂಗಡಿಯ ಮೆಕ್ಯಾನಿಕ್. ಅಂಥವರು ಮಲ್ಪೆ ಬಂದರಿನಲ್ಲಿ ಓಣಿಗೊಬ್ಬರಿದ್ದಾರೆ.

ಆದರೆ ಹವ್ಯಾಸಿ ಹಾರಾಟ ಕೇಳುವುದು ಬೇರೆಯೇ ಒಂದು ಗುಣವನ್ನು. ಓಹಾಯೊದ ನಮ್ಮ ಹುಲ್ಲಿನ ರನ್‌ವೇಯಲ್ಲಿ ಎಪ್ಪತ್ತು ದಾಟಿದ ಒಬ್ಬ ನಿವೃತ್ತ ರೈತರಿದ್ದಾರೆ. ಕೈಚಳಕದಲ್ಲಿ ಅವರು ನಮ್ಮ ಭಾವನ ಹತ್ತಿರಕ್ಕೂ ಬರುವುದಿಲ್ಲ. ಆದರೆ ಹಾರುವ ಮುನ್ನ ಪ್ರತಿಯೊಂದು ಬೋಲ್ಟನ್ನು ಬೆರಳಿನಿಂದ ಮುಟ್ಟಿ ನೋಡುತ್ತಾರೆ, ತಂತಿಗಳ ಮೇಲೆ ಬಟ್ಟೆ ಎಳೆಯುತ್ತಾರೆ. ಎಳೆಯೊಂದು ತುಂಡಾಗಿದ್ದರೆ ಬಟ್ಟೆ ಸಿಕ್ಕಿಕೊಳ್ಳುತ್ತದೆ. ಪೆಟ್ರೋಲ್ ಪೈಪಿನ ಮೇಲೆ ಅದನ್ನು ಜೋಡಿಸಿದ ದಿನಾಂಕ ಬರೆದಿಟ್ಟು, ಅವಧಿ ಮುಗಿದ ಕೂಡಲೇ ಹೊಸದರಂತಿದ್ದರೂ ಕಿತ್ತೆಸೆಯುತ್ತಾರೆ. ಮೊದಮೊದಲು ನನಗೆ ಅದು ದುಂದುವೆಚ್ಚವಾಗಿ ಕಂಡಿತ್ತು. ಒಮ್ಮೆ ಅವರು ಎಸೆದ ಪೈಪನ್ನು ನಾನೇ ಎತ್ತಿಟ್ಟುಕೊಂಡಿದ್ದೆ; ಉಡುಪಿಯವನ ಕೈ ಸುಮ್ಮನಿರಬೇಕಲ್ಲ.

ಕೆಟ್ಟದ್ದನ್ನು ಸರಿಮಾಡುವುದರಲ್ಲಿ ನಾವು ಗಟ್ಟಿಗರು, ಕೆಡದಿರುವುದನ್ನು ಬದಲಿಸಲು ನಮಗೆ ಮನಸ್ಸಾಗುವುದಿಲ್ಲ. ದೋಣಿಯಲ್ಲಿ ಇದು ಹೇಗೋ ನಡೆಯುತ್ತದೆ. ಎಂಜಿನ್ ನಿಂತರೆ ಲಂಗರು ಬಿಟ್ಟು, ಪ್ಲಗ್ ಬಿಚ್ಚಿ ಒರೆಸಿ, ಆಗದಿದ್ದರೆ ಇನ್ನೊಂದು ದೋಣಿಯನ್ನು ಕರೆಯಬಹುದು. ಸಾವಿರ ಅಡಿ ಎತ್ತರದಲ್ಲಿ ನನ್ನ ಎಂಜಿನ್ ನಿಂತರೆ ಇಳಿಯಲು ಸಿಗುವುದು ಸುಮಾರು ಎರಡು ನಿಮಿಷ. ಇದನ್ನು ಹೇಳಿದಾಗ ಭಾವ ಕೇಳಿದ್ದು ಒಂದೇ ಪ್ರಶ್ನೆ: "ಹಾಗಾದರೆ ಗಾಳಿಯಲ್ಲಿ ಲಂಗರು ಎಲ್ಲಿ ಹಾಕುತ್ತೀಯ?"

ನನ್ನ ಲಂಗರು ಓಹಾಯೊದ ಜೋಳ ಮತ್ತು ಸೋಯಾ ಹೊಲಗಳು. ಯಾವ ಕ್ಷಣದಲ್ಲೂ ಇಳಿಯಬಹುದಾದ ಒಂದು ಬಯಲನ್ನು ಕಣ್ಣಳತೆಯಲ್ಲಿ ಇಟ್ಟುಕೊಂಡೇ ಹಾರುತ್ತೇನೆ. ಅಲ್ಲಿನ ಕಾನೂನಿನ ಉದಾರತೆಯ ಹಿಂದೆಯೂ ಈ ಬಯಲು ಇದೆ ಎಂದು ನನ್ನ ಗುಮಾನಿ. 1982ರ 'ಭಾಗ 103' ಎಂಬ ನಿಯಮದ ಪ್ರಕಾರ, ಒಂದೇ ಆಸನವಿದ್ದು, ಖಾಲಿ ತೂಕ 115 ಕಿಲೋ ದಾಟದೆ, ಇಂಧನ 19 ಲೀಟರ್ ಮೀರದೆ, ವೇಗ ಗಂಟೆಗೆ ಸುಮಾರು 100 ಕಿಲೋಮೀಟರಿನೊಳಗಿದ್ದರೆ ಹಾರಿಸುವವನಿಗೆ ಲೈಸೆನ್ಸ್ ಬೇಡ, ವಿಮಾನಕ್ಕೆ ನೋಂದಣಿ ಬೇಡ. ಹಗಲಿನಲ್ಲೇ ಹಾರಬೇಕು, ಜನ ಕಿಕ್ಕಿರಿದ ಕಡೆ ಮೇಲೆ ಹೋಗಬಾರದು. ಭಾರತದಲ್ಲಿ ಮೈಕ್ರೋಲೈಟ್ ಎಂಬ ಹಗುರ ವಿಮಾನಕ್ಕೂ 'ವಿಟಿ' ಎಂದು ಶುರುವಾಗುವ ನೋಂದಣಿ, ಲೈಸೆನ್ಸ್, ವೈದ್ಯಕೀಯ ತಪಾಸಣೆ ಎಲ್ಲವೂ ಬೇಕು.

ಮಣಿಪಾಲದ ಗೆಳೆಯರು ಇದನ್ನು ಕೇಳಿ ಸರ್ಕಾರವನ್ನು ಬೈಯತೊಡಗುತ್ತಾರೆ. ನಾನು ಜೊತೆಗೂಡುವುದಿಲ್ಲ. ಮಂಗಳೂರಿನಿಂದ ಉಡುಪಿಯವರೆಗೆ ಹೆದ್ದಾರಿಯ ಗುಂಟ ಬನ್ನಿ: ಸುರತ್ಕಲ್, ಮೂಲ್ಕಿ, ಪಡುಬಿದ್ರಿ, ಕಾಪು, ಕಟಪಾಡಿ. ಎಲ್ಲಿ ಒಂದು ಊರು ಮುಗಿದು ಇನ್ನೊಂದು ಶುರುವಾಯಿತೆಂದು ಹೊಸಬರಿಗೆ ತಿಳಿಯದು. ತೆಂಗಿನ ತೋಟದೊಳಗೆ ಮನೆ, ಮನೆಯ ಮೇಲೆ ವಿದ್ಯುತ್ ತಂತಿ. ಗದ್ದೆಗಳೋ ಅಂಗೈಯಗಲ, ನಾಲ್ಕು ಹೆಜ್ಜೆಗೊಂದು ಬದು. ಕಡಲ ತೀರದಲ್ಲಿ ಇಳಿಯೋಣವೆಂದರೆ ಒಂದೆಡೆ ದೋಣಿ, ಬಲೆ, ಪ್ರವಾಸಿಗರು, ಇನ್ನೊಂದೆಡೆ ಕಡಲ್ಕೊರೆತಕ್ಕೆ ಒಡ್ಡಿದ ಕಲ್ಲಿನ ಗೋಡೆ. ಬಜ್ಪೆಯ ವಿಮಾನ ನಿಲ್ದಾಣಕ್ಕೇ ಗುಡ್ಡದ ನೆತ್ತಿಯನ್ನು ಸಮತಟ್ಟು ಮಾಡಬೇಕಾಯಿತು. ಅಮೆರಿಕದ ನಿಯಮವನ್ನು ನಾಳೆಯೇ ಇಲ್ಲಿಗೆ ತಂದರೂ, ಜನವಸತಿಯ ಮೇಲೆ ಹಾರಬಾರದು ಎಂಬ ಅದರದೇ ಷರತ್ತು ನಮ್ಮ ಕರಾವಳಿಯಲ್ಲಿ ವಿಮಾನವನ್ನು ನೆಲ ಬಿಡಲು ಬಿಡದು.

ಉಪ್ಪುಗಾಳಿಯ ಮಾತು ಬೇರೆ. ಉಕ್ಕಿನ ಬೋಲ್ಟು ಅಲ್ಯೂಮಿನಿಯಂ ಕೊಳವೆಯನ್ನು ಮುಟ್ಟುವ ಕಡೆಯೆಲ್ಲ ಕಡಲಿನ ತೇವ ಸೇರಿದರೆ ಅಲ್ಯೂಮಿನಿಯಂ ಸದ್ದಿಲ್ಲದೆ ಸವೆಯುತ್ತದೆ. ಹೊರಗಿನಿಂದ ಥಳಥಳ ಹೊಳೆಯುವ ಕೊಳವೆ ಒಳಗೆ ಬಿಳಿ ಪುಡಿಯಾಗಿರಬಹುದು.

ಇಷ್ಟಾಗಿಯೂ ಎರಡು ಊರಿನ ಪಂಚಾಂಗದಲ್ಲಿ ಒಂದು ಹೋಲಿಕೆ ಇದೆ. ಓಹಾಯೊದಲ್ಲಿ ಹಿಮ ಬಿದ್ದಾಗ ನಾವು ವಿಮಾನದ ರೆಕ್ಕೆ ಬಿಚ್ಚಿ ಕೆಲಸಕ್ಕೆ ಕೂರುತ್ತೇವೆ. ಮಲ್ಪೆಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಬೋಟುಗಳು ದಡಕ್ಕೆ ಬಂದು ಬಣ್ಣ, ಬಲೆ, ಎಂಜಿನ್ ಎಂದು ರಿಪೇರಿ ನಡೆಯುತ್ತದೆ. ಬರುವ ಮಳೆಗಾಲದಲ್ಲಿ ತಮ್ಮ ಕೈಗೆ ಬರುವ ಎಂಜಿನ್‌ಗಳ ಪೆಟ್ರೋಲ್ ಪೈಪಿನ ಮೇಲೆ ದಿನಾಂಕ ಬರೆಯಬೇಕೆಂದು ಭಾವನಿಗೆ ಹೇಳಿ, ಬಿಳಿ ಬಣ್ಣದ ಪೇಂಟ್ ಪೆನ್ನೊಂದನ್ನು ಕೊಟ್ಟು ಬಂದೆ. ಬರೆಯುತ್ತೇನೆ ಎಂದರು. ಮೊನ್ನೆ ಅಕ್ಕ ಫೋನಿನಲ್ಲಿ ಹೇಳಿದಳು, ಆ ಪೆನ್ನಿನಿಂದ ಅವರು ಅಂಗಡಿಯ ಬಾಗಿಲಿಗೆ 'ಸಾಲ ಕೇಳಬೇಡಿ' ಎಂದು ಬರೆದಿದ್ದಾರಂತೆ.